ಭೀಮ ಮತ್ತು ಬೆಣ್ಣೆ ಸವರಿದ ಮರಿ

ಇವತ್ತು ನಮ್ಮನೆಯಲ್ಲಿ ಆದದ್ದನ್ನು ಕೇಳಿ. ಯಜಮಾನರು ಬೆಳಿಗ್ಗೆ ಅತ್ತೆಯ ತವರು ಬಿಂಡಿಗನವಿಲೆಯಿಂದ ವೈರ್ ಬ್ಯಾಗಿನಲ್ಲಿ ಒಂದು ಬೆಕ್ಕಿನ ಮರಿ ತಂದರು. ನಮ್ಮ ಹಳೆಯ ಗಂಡುಬೆಕ್ಕು ಭೀಮ ಅದನ್ನು ಕಂಡದ್ದೇ ಬುಸ್ಸೆಂದ. ಅನ್ನ, ಹಾಲು ಎರಡನ್ನೂ ಬಿಟ್ಟು ಅಟ್ಟ ಹತ್ತಿದ.

ಅತ್ತೆಗೆ ಭೀಮನೆಂದರೆ ಪ್ರಾಣ. "ಸಂಜೆ ಬಸ್ಸಿಗೆ ಮರೀನ ವಾಪಸ್ ಬುಟ್ಬುಡ್ಲಾ," ಎಂದು ಮಗನಿಗೆ ಹೇಳಿಯೇಬಿಟ್ಟರು. ನನಗೆ ಕಳಿಸಲು ಮನಸ್ಸಿಲ್ಲ. ಏನಾದರೂ ದಾರಿಯಿದೆಯೇ ಎಂದು ಅತ್ತೆಯನ್ನೇ ಕೇಳಿದೆ.

"ನಮ್ಮೂರಲ್ಲಿ ತಬ್ಬಲಿ ಕುರಿಮರೀನ ಬೇರೆ ಕುರಿ ಸೇರಿಸ್ಕಳ್ದೇ ಓದ್ರೆ, ಆ ಕುರಿ ಹಾಲ್ನೇ ಮರಿ ಮೈಗೆ ಸವರ್ತೀವಿ ಕಣಮ್ಮಿ. ತನ್ನದೇ ಅನ್ಕಂಡು ನೆಕ್ತದೆ."

"ನಮ್ಮ ಭೀಮ ಗಂಡಲ್ವಾ ಅತ್ತೆ?"

"ಅಂಗಾರೆ ಬೆಣ್ಣೆ ತಗಂಬಾ."

ಸವರಿದೆವು. ಭೀಮ ಇಳಿದು ಬಂದ, ಮೂಸಿದ, ಮರಿಯನ್ನು ತಲೆಯಿಂದ ಬಾಲದವರೆಗೆ ನೆಕ್ಕಿದ. ಬೆಣ್ಣೆ ಮುಗಿದ ಕೂಡಲೇ ಅದರ ತಲೆಗೊಂದು ಏಟು ಕೊಟ್ಟ. ಅತ್ತೆ ಮತ್ತೆ ಸವರಿದರು. ಅವನು ಮತ್ತೆ ನೆಕ್ಕಿದ, ಮತ್ತೆ ಹೊಡೆದ. ಇದೇ ನಡೆಯುತ್ತಿರುವಾಗ ಸಂಜೆಯ ಬಸ್ಸು ಹೊರಟುಹೋಯಿತು. ಕೊನೆಗೆ ಹೊಟ್ಟೆ ತುಂಬಿದ ಭೀಮ ಹೊಡೆಯಲೂ ಸೋಮಾರಿಯಾಗಿ ಅಲ್ಲೇ ಮಲಗಿದ. ಮರಿ ಅವನ ಹೊಟ್ಟೆಗೆ ಆತುಕೊಂಡು ಕಣ್ಣು ಮುಚ್ಚಿತು.

"ನೋಡ್ದಾ, ಎಂಗೆ ಜೊತೆಯಾದ್ವು!" ಎನ್ನುತ್ತಾ ಅತ್ತೆ ಖಾಲಿ ಗಡಿಗೆಯನ್ನು ಎತ್ತಿಟ್ಟರು.

ನಾಳೆ ರೊಟ್ಟಿಗೆ ಬೆಣ್ಣೆಯಿಲ್ಲ. ಇರಲಿ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಅತ್ತೆಗೆ ಈ ಉಪಾಯ ಯಾಕೆ ಹೊಳೆಯಲಿಲ್ಲವೋ!