ಒರೆಸಬಾರದ ಕನ್ನಡಿ

ಆ ಶುಕ್ರವಾರ ಸಂಜೆ ನಮ್ಮವರು ಸಲೂನಿಗೆ ಬೀಗ ಹಾಕಿ ಮನೆಗೆ ಬಂದವರೇ ದೂರದರ್ಶಕದ ತಳ ಬಿಚ್ಚಿ ಕೂತರು. ಯಾವುದೋ ತಿರುಪು ಸಡಿಲವಾಗಿತ್ತಂತೆ. ಒಳಗಿನ ದೊಡ್ಡ ಕನ್ನಡಿ ತೆಗೆದು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟರು. ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು.

"ಅಂಗಡಿ ಕನ್ನಡಿನ ದಿನವಿಡೀ ಉಜ್ತೀರಿ. ಇದೇನು ಪಾಪ ಮಾಡಿದೆ?" ಎಂದೆ.

"ಧೂಳಿದ್ರೂ ಶನಿ ಕಾಣ್ತಾನೆ ಕಣೇ. ಬಟ್ಟೆ ತಾಗಿಸಿದ್ರೆ ಗೀರು ಬೀಳುತ್ತೆ. ಮುಟ್ಟಿದ್ರೆ ನಿನ್ನ ಜಡೆ ಕತ್ತರಿಸ್ತೀನಿ ನೋಡು."

"ಕತ್ತರಿಸಿ. ಎಣ್ಣೆನಾದ್ರೂ ಉಳಿಯುತ್ತೆ."

ನಕ್ಕರು. ಕನ್ನಡಿ ನಾಳೆ ಕೂರಿಸುತ್ತೇನೆಂದು ಊಟಕ್ಕೆ ಎದ್ದರು.

ಮರುದಿನ ಬೆಳಿಗ್ಗೆ ಸಲೂನಿನಲ್ಲಿ ಎದೆ ಹಿಡಿದುಕೊಂಡು ಗಿರಾಕಿ ಕೂರುವ ಕುರ್ಚಿಯಲ್ಲಿ ಕೂತರು. ಮತ್ತೆ ಏಳಲಿಲ್ಲ.

ಅವರನ್ನು ಆಕಾಶ ನೋಡುವವರ ಸಂಘಕ್ಕೆ ಸೇರಿಸಿದ್ದು ಒಬ್ಬ ಗಿರಾಕಿ, ಸಂಘದ ಅಧ್ಯಕ್ಷರು. ಸೇರಿದ ಮೇಲೆ ಇವರ ಹುಚ್ಚು ಅಧ್ಯಕ್ಷರನ್ನೂ ಮೀರಿತು. ಎರಡು ದಪ್ಪ ಗಾಜಿನ ಬಿಲ್ಲೆ ತಂದರು. ನಡುವೆ ಮರಳಿನಂಥ ಪುಡಿ ಹಾಕಿ ಒಂದರ ಮೇಲೊಂದು ತೀಡುತ್ತ ಅಡುಗೆಮನೆಯಲ್ಲೇ ಆ ಕನ್ನಡಿ ಮಾಡಿದರು. ತಿಂಗಳುಗಟ್ಟಲೆ ಗರಗರ ಸದ್ದು. ಕುಕ್ಕರಿನ ಸೀಟಿ ಕೇಳದೆ ಎಷ್ಟು ಸಲ ಅನ್ನ ಸೀದಿತ್ತೋ.

ಪ್ರತಿ ಶನಿವಾರ ಹೊತ್ತು ಮುಳುಗುತ್ತಲೇ ಸಲೂನಿನ ಮುಂದೆ, ರಸ್ತೆ ಬದಿಯಲ್ಲಿ ದೂರದರ್ಶಕ ನಿಲ್ಲಿಸುತ್ತಿದ್ದರು. ಯಾರು ಬೇಕಾದರೂ ನೋಡಬಹುದು. ಜನ ಬಾರದೆ ಏನು ಮಾಡುತ್ತಾರೆ? ಗಂಟಲ ಮೇಲೆ ಕತ್ತಿ ಇಟ್ಟು "ಸಂಜೆ ಚಂದ್ರನ್ನ ನೋಡೋಕೆ ಬರ್ತೀರಾ ತಾನೆ?" ಎಂದು ಕೇಳಿದರೆ ಇಲ್ಲ ಅನ್ನುವ ಧೈರ್ಯ ಯಾರಿಗಿದೆ?

ಅವರು ಹೋದ ದಿನ ಮನೆಗೆ ಜನ ಬರುತ್ತಾರೆಂದು ನನ್ನ ನಾದಿನಿ, ಇವರ ತಂಗಿ, ಎಲ್ಲವನ್ನೂ ಚೊಕ್ಕ ಮಾಡಿದಳು. ಅಣ್ಣನ ಕನ್ನಡಿಯನ್ನೂ ಬಿಡಲಿಲ್ಲ. ಪಾತ್ರೆ ತೊಳೆಯುವ ಪುಡಿ ಹಾಕಿ ನಾರಿನಲ್ಲಿ ಉಜ್ಜಿದಳು. ಅಳುತ್ತ ಉಜ್ಜಿದಳು. ಬೆಳ್ಳಿಯಂಥ ಲೇಪ ಎದ್ದುಹೋಯಿತು. ಮಾಡಿದ್ದೇನೆಂದು ತಿಳಿದಾಗ ಮೂಲೆ ಹಿಡಿದಳು.

ಅಧ್ಯಕ್ಷರು ಬಂದು ನೋಡಿ ತಲೆ ಅಲ್ಲಾಡಿಸಿದರು. "ಲೇಪ ಮತ್ತೆ ಹಾಕಿಸಬಹುದಮ್ಮ. ಆದ್ರೆ ಗಾಜಲ್ಲಿ ಗೀರು ಬಿದ್ದಿದೆ, ಅದು ಹೋಗಲ್ಲ. ಸಂಘದಿಂದ ಹೊಸ ದೂರದರ್ಶಕ ತರ್ತೀವಿ. ಇದನ್ನ ಅವರ ನೆನಪಿಗೆ ಅಂತ ಕಪಾಟಲ್ಲಿ ಇಡೋಣ."

ಅವರ ಜೊತೆಗೆ ಅವರ ಕನ್ನಡಿಯೂ ಸಾಯಬೇಕೇ? ಅದು ಮತ್ತೆ ಸಲೂನಿನ ಮುಂದೆ ನಿಲ್ಲಬೇಕೆಂಬುದೇ ನನ್ನ ಆಸೆ.

"ಕಪಾಟಲ್ಲಿ ಇಡೋಕೆ ನನ್ನ ಅಡುಗೆಮನೆ ಹಾಳು ಮಾಡಿದ್ರಾ ಅವರು?" ಎಂದೆ. "ಗೀರು ಇರ್ಲಿ ಸಾರ್. ಅವರ ಕೈಲಿ ಗಲ್ಲ ಗೀರಿಸ್ಕೊಳ್ಳದೋರು ಸಂಘದಲ್ಲಿ ಯಾರಿದ್ದೀರಿ? ಮಾರನೇ ವಾರ ಮತ್ತೆ ಅಲ್ಲೇ ಬಂದು ಕೂತ್ಕೊಳ್ಳಲಿಲ್ವಾ?"

ಅಧ್ಯಕ್ಷರು ಗಲ್ಲ ಸವರಿಕೊಂಡರು. ಆಮೇಲೆ ಕನ್ನಡಿಯನ್ನು ತಾವೇ ಬಟ್ಟೆಯಲ್ಲಿ ಸುತ್ತಿ ಲೇಪಕ್ಕೆ ಒಯ್ದರು.

ಅದು ಲೇಪವಾಗಿ ವಾಪಸು ಬಂದ ಶನಿವಾರ ಸಂಘದವರು ಸಲೂನಿನ ಮುಂದೆ ದೂರದರ್ಶಕ ನಿಲ್ಲಿಸಿದರು. ಹಳೆಯ ಗಿರಾಕಿಗಳೆಲ್ಲ ಸಾಲು ಹಿಡಿದರು, ಕೆಲವರು ಗಡ್ಡ ಬಿಟ್ಟುಕೊಂಡೇ. ನಾದಿನಿ ಬರಲೊಲ್ಲೆ ಎಂದಳು. ಕೈ ಹಿಡಿದು ಎಳೆದುಕೊಂಡು ಹೋಗಿ ಮೊದಲು ಅವಳನ್ನೇ ನಿಲ್ಲಿಸಿದೆ.

"ಏನೂ ಕಾಣಲ್ಲ ಅತ್ತಿಗೆ. ನಾನು ಹಾಳು ಮಾಡ್ದೆ ಅಂತ ಆಗ್ಲೇ ಹೇಳಲಿಲ್ವಾ?"

"ಮುಚ್ಚಿರೋ ಕಣ್ಣನ್ನ ಇಟ್ಟಿದ್ದೀಯ ಕಣೇ. ಇನ್ನೊಂದನ್ನ ಇಡು."

ಇಟ್ಟಳು. "ಅಯ್ಯೋ, ಶನಿ ಬಳೆ ಹಾಕ್ಕೊಂಡಿದಾನೆ!" ಎಂದು ಕೂಗಿದಳು. ಸಾಲಿನವರೆಲ್ಲ ನಕ್ಕರು.

ನಾನೂ ನೋಡಿದೆ. ಮೊದಲಿನಷ್ಟು ಚೂಪಾಗಿಲ್ಲ, ಅಂಚು ಕೊಂಚ ಮಂಜು. ಆದರೆ ಬಳೆ ಪೂರ್ತಿ ಇದೆ. ಸಾಕು.

ದೂರದರ್ಶಕ ಈಗ ನನ್ನ ಮನೆಯಲ್ಲೇ ಇರುತ್ತದೆ. ಅದರ ಬಾಯಿಗೆ ಅವರ ಸಲೂನಿನ ಬಿಳಿ ಬಟ್ಟೆ ಕಟ್ಟಿದ್ದೇನೆ, ಗಿರಾಕಿಯ ಕೊರಳಿಗೆ ಕಟ್ಟುತ್ತಿದ್ದ ಹಾಗೆ. ಬೆಳಿಗ್ಗೆ ಎದ್ದು ಕಸ ಗುಡಿಸುತ್ತೇನೆ, ಕಿಟಕಿ, ಮೇಜು, ಕಪಾಟು ಎಲ್ಲ ಒರೆಸುತ್ತೇನೆ. ಕೊನೆಗೆ ಆ ಬಟ್ಟೆ ಬಿಚ್ಚಿ, ಬಾಗಿಲಾಚೆ ಒಯ್ದು ಕೊಡವಿ, ಮತ್ತೆ ಕಟ್ಟುತ್ತೇನೆ. ಒಳಗೆ ಕೈ ಹಾಕುವುದಿಲ್ಲ.