ಅಪ್ಪನ ಕೋಟು ತೊಟ್ಟು ಅಕ್ಕ ಸೈಕಲ್ ಹೊಡೆದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಜಕ್ಕಲಿಗೆ ಥಂಡಿ ಬಂತೆಂದರೆ ಬಂದು ಕೂತ ಬೀಗರ ಹಾಗೆ, ಹೋಗು ಅಂದರೂ ಹೋಗುತ್ತಿರಲಿಲ್ಲ. ಸುತ್ತಲೂ ಕರಿ ಎರೆಭೂಮಿ. ಮೂಡಗಾಳಿ ಎದ್ದರೆ ತಡೆಯಲು ಒಂದು ಗುಡ್ಡವಿಲ್ಲ, ಒಂದು ತೋಪಿಲ್ಲ. ಬೆಳಿಗ್ಗೆ ಹೊರಗೆ ಕಾಲಿಟ್ಟರೆ ಮೂಗಿನ ತುದಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಿತ್ತು. ಆದರೆ ಹೊತ್ತು ಮಾರುದ್ದ ಏರಿತೆಂದರೆ ಆ ಥಂಡಿ ಬಾಲ ಮುದುರಿಕೊಂಡು ಓಡುತ್ತಿತ್ತು, ಬಿಸಿಲು ಚುರ್ ಅನ್ನುತ್ತಿತ್ತು. ಹುಟ್ಟಿದಾಗಿನಿಂದ ಆ ನೆಲದಲ್ಲಿದ್ದ ನಾವೇ ಒಂದು ದಿನ ಇದನ್ನು ಮರೆತುಬಿಟ್ಟೆವು. ಆ ದಿನದ ಕಥೆಯನ್ನೇ ಈಗ ಹೇಳುತ್ತೇನೆ.

ಆ ಬೆಳಿಗ್ಗೆ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವಳು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ರೋಣದಲ್ಲಿ ಅಂದು ಹನ್ನೊಂದು ಗಂಟೆಗೆ ಹೊಸ ಅಕ್ಕೋರನ್ನು ಆರಿಸುವವರಿದ್ದರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇತ್ತ ಸಂಕ್ರಮಣ ಕಳೆದ ಮೇಲೆ ಅವಳನ್ನು ನೋಡಲು ನರಗುಂದದಿಂದ ಗಂಡಿನ ಕಡೆಯವರು ಬರುವವರಿದ್ದರು. ನೌಕರಿ ಸಿಕ್ಕರೆ ಅವರಿಗೆ ಸದ್ಯ ಬೇಡ ಅನ್ನುತ್ತೇನೆ, ಸಿಗದಿದ್ದರೆ ಸುಮ್ಮನೆ ಮದುವೆಯಾಗಬೇಕು ಎಂದು ಅಪ್ಪ ಮೊದಲೇ ಹೇಳಿದ್ದ. ಹಾಗಾಗಿ ಅಕ್ಕನ ಜೀವವೆಲ್ಲ ಆ ಹನ್ನೊಂದು ಗಂಟೆಯಲ್ಲಿತ್ತು.

ಗಜೇಂದ್ರಗಡದಿಂದ ಬರಬೇಕಾದ ಬಸ್ಸು ಬರಲೇ ಇಲ್ಲ. ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಆ ಕಡೆಯಿಂದ ಬಂದವರು ಹೇಳಿದರು. ನಮ್ಮ ಎತ್ತಿನ ಚಕ್ಕಡಿ ಹತ್ತಿಯನ್ನು ಹೇರಿಕೊಂಡು ಗದಗಿಗೆ ಹೋಗಿತ್ತು. ಇನ್ನು ಉಳಿದದ್ದು ಅಪ್ಪನ ಸೈಕಲ್. ಅಪ್ಪನ ಪಾದವನ್ನು ಎತ್ತು ತುಳಿದು, ಅದು ಕುಂಬಳಕಾಯಿಯಾಗಿ ಊದಿಕೊಂಡಿತ್ತು. ಅಕ್ಕ ಅಂಗಳಕ್ಕೆ ಹೋಗುವಳು, ಒಳಗೆ ಬರುವಳು, ಮತ್ತೆ ಅಂಗಳಕ್ಕೆ ಹೋಗುವಳು. ಅವಳ ಹಿಂದೆ ನಾನೂ ಸುಮ್ಮನೆ ತಿರುಗುತ್ತಿದ್ದೆ.

ಕಡೆಗೆ ಅಕ್ಕ ಅಪ್ಪನ ಮುಂದೆ ನಿಂತು, "ನನಗ ಸೈಕಲ್ ಹೊಡ್ಯಾಕ ಬರತೈತಿ," ಅಂದಳು.

ಅವ್ವನ ಕೈಯೊಳಗಿನ ನೀರಿನ ಚರಗಿ ಕೆಳಗೆ ಬಿತ್ತು. ಅಕ್ಕ ಹೇಳಿದ್ದು ಖರೇ ಇತ್ತು. ಬೇಸಿಗೆಯಲ್ಲಿ ತಮ್ಮನಿಗೆ ಸೈಕಲ್ ಕಲಿಸುತ್ತೇನೆಂದು ಅವಳು ನನ್ನನ್ನು ಖಾಲಿ ಕಣಕ್ಕೆ ಕರೆದೊಯ್ಯುತ್ತಿದ್ದಳು. ಕಲಿತವಳು ಅವಳು. ನಾನು ಬರೀ ಹಿಂದೆ ಓಡಿ ಮೊಣಕಾಲು ಕೆತ್ತಿಸಿಕೊಂಡವನು.

"ಊರ ಮಂದಿ ನೋಡಿದ್ರ ಏನಂದಾರು? ನರಗುಂದದವರ ಕಿವಿಗೆ ಬಿದ್ರ?" ಅಂದಳು ಅವ್ವ.

ಅಪ್ಪ ಊದಿದ ಪಾದವನ್ನು ಎರಡೂ ಕೈಯಿಂದ ಎತ್ತಿ ಬದಿಗೆ ಸರಿಸಿದ. ಆಮೇಲೆ, "ಇಂಥಾ ಥಂಡ್ಯಾಗ ಮುಸುಕ ಹಾಕ್ಕೊಂಡು ಯಾರ ಹೋದ್ರೂ ಮುಸುಕ ಅಷ್ಟ ಕಾಣತೈತಿ. ಪೆಟಗಿಯಾಗಿನ ನನ್ನ ಕೋಟ ತಗಿ," ಅಂದ.

ಅಕ್ಕನನ್ನು ಸಿಂಗರಿಸುವ ಕೆಲಸ ಶುರುವಾಯಿತು. ಅಪ್ಪನ ಪಾಯಜಾಮ, ಅದರ ಅಂಚು ಚೈನಿಗೆ ಸಿಗದಂತೆ ಸುತಳಿಯ ಕಟ್ಟು. ಮೇಲೆ ಎರಡು ಅಂಗಿ. ಅದರ ಮೇಲೆ ಲಗ್ನಕ್ಕಷ್ಟೇ ಹೊರಬರುವ ಕರಿ ಉಣ್ಣೆಯ ಕೋಟು, ಕರ್ಪೂರದ ವಾಸನೆ ಹೊಡೆಯುತ್ತಿದ್ದದ್ದು. ಜಡೆಯನ್ನು ಗಂಟು ಹಾಕಿ, ಕಿವಿ ಗದ್ದ ಎಲ್ಲ ಮುಚ್ಚುವ ಹಾಗೆ ಅಪ್ಪನೇ ರುಮಾಲು ಸುತ್ತಿದ. ಬಳೆ ತೆಗೆಯಲು ಮಾತ್ರ ಅವ್ವ ಬಿಡಲಿಲ್ಲ. ಹೆಣ್ಣುಮಗಳು ಬರಿಗೈಲೆ ಹೊಸ್ತಿಲು ದಾಟಬಾರದು ಎಂದು ಹಟ ಹಿಡಿದಳು. ಬಳೆಯ ಸಪ್ಪಳ ಕೇಳಬಾರದೆಂದು ಹಳೆ ಧೋತರ ಹರಿದು ಮೊಣಕೈಯಿಂದ ಬೆರಳತನಕ ಸುತ್ತಿದಳು. ಎಲ್ಲದರ ಮೇಲೆ ತಲೆಯಿಂದ ಇಳಿಬಿಟ್ಟ, ಕುರಿ ವಾಸನೆಯ ಕಂಬಳಿಯ ಕೊಪ್ಪೆ. ಕಣ್ಣು, ಮೂಗು ಬಿಟ್ಟರೆ ಅಕ್ಕ ಎಲ್ಲೂ ಇರಲಿಲ್ಲ. ಅವಳ ಒಳ್ಳೆಯ ಇಲಕಲ್ ಸೀರೆಯ ಚೀಲವನ್ನು ಕೊರಳಿಗೆ ಹಾಕಿಕೊಂಡು ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತೆ. ದಾರಿಯಲ್ಲಿ ಮಾತಾಡುವ ಕೆಲಸ ನನ್ನದು, ಅಕ್ಕ ತುಟಿ ಬಿಚ್ಚಬಾರದು ಎಂದು ಅಪ್ಪ ತಾಕೀತು ಮಾಡಿದ.

ಊರ ಬಾಗಿಲಲ್ಲಿ ಬೆಂಕಿಗೆ ಮೈ ಕಾಯಿಸುತ್ತಿದ್ದವರು, "ಯಾರಲೇ ಅಂವ?" ಅಂದರು. "ನಮ್ಮ ಮಾವ್ರಿ!" ಎಂದು ಕೂಗಿದೆ. ಅವರು ತಲೆಯಾಡಿಸಿ ಮತ್ತೆ ಬೆಂಕಿಯ ಕಡೆ ತಿರುಗಿದರು. ನನಗೆ ನಗು ತಡೆಯಲಾಗಲಿಲ್ಲ. ಗಾಳಿ ಪಕ್ಕದಿಂದ ಹೊಡೆಯುತ್ತಿತ್ತು. ಜೋಳದ ಎಲೆಯ ಮೇಲಿನ ಇಬ್ಬನಿ ಮಿಣುಮಿಣು ಅನ್ನುತ್ತಿತ್ತು. ಸೈಕಲ್ ಕಲ್ಲಿನ ಮೇಲೆ ಹಾರಿದಾಗಲೆಲ್ಲ ನಾನು ಕಂಬಳಿಯೊಳಗೆ ಮುಖ ಹುದುಗಿಸುತ್ತಿದ್ದೆ.

ಅರ್ಧ ದಾರಿಗೆ ಬರುವಷ್ಟರಲ್ಲಿ ಬಿಸಿಲು ಬಿತ್ತು. ಅಕ್ಕ ಏದುಸಿರು ಬಿಡತೊಡಗಿದಳು. ಕಂಬಳಿ ತೆಗೆಯೋಣವೆಂದರೆ ಎದುರಿಗೆ ಒಂದರ ಹಿಂದೆ ಒಂದು ಚಕ್ಕಡಿ. ಕೋಟಿನ ಗುಂಡಿ ಬಿಚ್ಚೋಣವೆಂದರೆ ಕೈಗೆ ಸುತ್ತಿದ ಬಟ್ಟೆ. ಬೆವರು ಅವಳ ಕಣ್ಣಿಗಿಳಿದು ಸೈಕಲ್ ಹಾವಿನ ಹಾಗೆ ಓಲಾಡುತ್ತಿತ್ತು.

ಅಷ್ಟರಲ್ಲಿ ದಾರಿಬದಿಯ ಹೊಲದಿಂದ ಒಬ್ಬ ಅಜ್ಜ ಬಂದು ಎರಡೂ ಕೈ ಅಗಲಿಸಿ ನಿಂತ. ಅಪ್ಪನ ಗೆಳೆಯ ಅವನು. ಸೈಕಲ್ಲಿನ ಗುರುತು ಹಿಡಿದಿದ್ದ. ಹ್ಯಾಂಡಲ್ ಹಿಡಿದುಕೊಂಡು ಅಕ್ಕನ ಕೆಂಪು ಮೂಗನ್ನು ನೋಡಿ, "ಇಂವ ಯಾರು? ಯಾಕ ಮಾತಾಡವಲ್ಲ?" ಅಂದ.

"ನಮ್ಮ ಮಾವ್ರಿ. ಗಂಟಲ ಕಟ್ಟೈತ್ರಿ," ಅಂದೆ. ಬಹಳ ಜಾಣ ಅಂದುಕೊಂಡಿದ್ದೆ ನನ್ನನ್ನು.

"ಗಂಟಲ ಕಟ್ಟೈತಿ, ಇಷ್ಟ ಬಿಸಲಾಗೂ ಕಂಬಳಿ ಬಿಡವಲ್ಲ. ಚಳಿಜ್ವರನ ಇದು! ಇಳೀರಿ, ಇಳೀರಿ!"

ಸೈಕಲ್ ಎಳೆದುಕೊಂಡೇ ಹೊಲಕ್ಕೆ ನಡೆದ. ಅಲ್ಲಿ ಅವನ ಹೆಂಡತಿ ಸಗಣಿ ಕುಳ್ಳಿನ ಬೆಂಕಿಯಲ್ಲಿ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ ಸೀತನಿ ಮಾಡುತ್ತಿದ್ದಳು. ಅಜ್ಜ ಅಕ್ಕನನ್ನು ಆ ಬೆಂಕಿಯ ಪಕ್ಕದಲ್ಲೇ ಕೂರಿಸಿದ. ಸಾಲದೆಂಬಂತೆ ತನ್ನ ಕಂಬಳಿಯನ್ನೂ ಅವಳ ಮೇಲೆ ಹೊದಿಸಿ, "ಬೆವರ ಬಂದ್ರ ಜ್ವರ ಇಳೀತೈತಿ," ಅಂದ. ನಾವು ಹೋಗಬೇಕ್ರಿ, ಲಗೂ ಹೋಗಬೇಕ್ರಿ ಎಂದು ನಾನು ಅಂದರೆ, "ಜೀವಕ್ಕಿಂತ ದೊಡ್ಡ ಕೆಲಸ ಯಾವುದಲೇ?" ಎಂದು ನನ್ನ ಬೊಗಸೆಗೆ ಬಿಸಿ ಸೀತನಿ ಸುರಿದ. ಸುಳ್ಳೇಕೆ ಹೇಳಲಿ, ಶೇಂಗಾ ಚಟ್ನಿ ಹಚ್ಚಿಕೊಂಡು ಅದನ್ನಿಷ್ಟು ತಿಂದೆ. ಆದರೆ ಹೊತ್ತು ನೋಡಲು ಕಣ್ಣು ನೆಲದ ಮೇಲಿಟ್ಟಿದ್ದೆ. ನನ್ನ ನೆರಳು ಗಿಡ್ಡವಾಗುತ್ತಲೇ ಇತ್ತು. ಅಜ್ಜ ಸೈಕಲ್ಲಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಅಕ್ಕ ಒಮ್ಮೆಲೇ ಎದ್ದಳು. ಎರಡೂ ಕಂಬಳಿ ಕಿತ್ತೊಗೆದಳು. ರುಮಾಲು ಎಳೆದದ್ದೇ ಜಡೆ ಬೆನ್ನ ಮೇಲೆ ಬಿತ್ತು.

"ನನಗ ಜ್ವರ ಇಲ್ಲರಿ ಅಜ್ಜಾ! ನಾ ನಿಮ್ಮ ಗೆಳ್ಯಾರ ಮಗಳು. ಹನ್ನೊಂದಕ್ಕ ರೋಣದಾಗ ಇರಲಿಲ್ಲಂದ್ರ ನನ್ನ ನೌಕರಿ ಹೋತು. ಸೈಕಲ್ ಬಿಡ್ರಿ!"

ಅಜ್ಜ ಎದ್ದು ಸೈಕಲ್ಲಿಗೆ ಅಡ್ಡ ನಿಂತ. "ಹುಡುಗಿ ಸೈಕಲ್ ಮ್ಯಾಲ! ಮಂದಿ ನೋಡಿದ್ರ ಹ್ಯಾಂಗವಾ?" ಅಂದ.

ಮುದುಕಿ ಅಕ್ಕನ ಮುಖವನ್ನು ಸೆರಗಿನಿಂದ ಒರೆಸುತ್ತ, "ಮಂದಿ ಕಣ್ಣಿಗೆ ಅಂಜಿ ಈ ಕೂಸು ಕುದ್ದು ಸಾಯಬೇಕೇನು? ಹೋಗವಾ, ಜೋಳದ ಮರ್ಯಾಗ ಹೋಗಿ ಸೀರಿ ಉಟಕೊಂಡು ಬಾ. ಈ ಕೋಟ ಕಂಬಳಿ ಸಂತಿ ಎಲ್ಲಾ ಇಲ್ಲೇ ಇರಲಿ," ಅಂದಳು.

ಅಕ್ಕ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ, ಸೀರೆ ಉಟ್ಟು, ಅಂಚು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬಂದಳು. ಆಮೇಲೆ ಸೈಕಲ್ ಹೋದ ಪರಿ ಏನು ಹೇಳಲಿ! ಎದುರಿಗೆ ಬಂದ ಚಕ್ಕಡಿಗಳು ನಿಂತವು. ರೋಣದ ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದವರು ಕಪ್-ಬಸಿ ಹಿಡಿದೇ ಬೀದಿಗೆ ಬಂದರು. ಯಾರೋ ಸಿಳ್ಳೆ ಹಾಕಿದರು, ಯಾರೋ ಕೆಟ್ಟ ಮಾತೂ ಅಂದರು. ಅಕ್ಕನ ಕುತ್ತಿಗೆ ಕೆಂಪಗಾಗಿತ್ತು, ಆದರೆ ಕಾಲು ನಿಲ್ಲಲಿಲ್ಲ. ಬಳೆಗಳು ಹ್ಯಾಂಡಲ್ಲಿಗೆ ಬಡಿದು ಝಣಝಣ ಅನ್ನುತ್ತಿದ್ದವು. ನನಗೆ ಹೆದರಿಕೆಯಿಂದ ಅಳು ಬಂದಿತ್ತು. ಕಚೇರಿಯಲ್ಲಿ ಅವಳ ಹೆಸರು ಕರೆಯುವುದಕ್ಕೂ ನಾವು ಮೆಟ್ಟಿಲು ಏರುವುದಕ್ಕೂ ಸರಿಹೋಯಿತು.

ಅಕ್ಕನಿಗೆ ನೌಕರಿ ಸಿಕ್ಕಿತು. ಸೈಕಲ್ಲಿನ ಸುದ್ದಿ ನಾವು ಮನೆ ಮುಟ್ಟುವ ಮೊದಲೇ ನರಗುಂದ ಮುಟ್ಟಿತು. ಅವರು ಬರಲಿಲ್ಲ. ಬೇಡ ಅನ್ನುವ ತಾಪತ್ರಯವೂ ಅಪ್ಪನಿಗೆ ಉಳಿಯಲಿಲ್ಲ. ಹಲವು ತಿಂಗಳು ಮಂದಿ ಆಡಿಕೊಂಡರು, ಅವ್ವ ಒಲೆಯ ಮುಂದೆ ಕೂತು ಅತ್ತಳು. ಅಕ್ಕ ಮಾತ್ರ ಬೆಳಿಗ್ಗೆ ಸೈಕಲ್ ತೆಗೆದುಕೊಂಡು ಸಾಲಿಗೆ ಹೋಗುವುದನ್ನು ಬಿಡಲಿಲ್ಲ.

ಮಕ್ಕಳೇ, ಈಗ ಥಂಡಿಯ ದಿನ ನೀವು ಸೈಕಲ್ ಏರುವಾಗ ನಿಮ್ಮಮ್ಮ ಸ್ವೆಟರ್, ಟೋಪಿ, ಕೈಗವಸು ಹಿಡಿದು ಬಾಗಿಲತನಕ ಓಡಿ ಬರುತ್ತಾಳೆ, ನೀವು ಜಗಳ ತೆಗೆಯುತ್ತೀರಿ. ಮೊನ್ನೆ ನಮ್ಮ ಮೊಮ್ಮಗಳು, "ಅಜ್ಜಾ, ಭಾಳ ಶೆಕಿ ಆಗಾಕತ್ತೈತಿ," ಎಂದು ಸ್ವೆಟರ್ ಕಳಚಿ ನನ್ನ ಹೆಗಲಿಗೆ ಎಸೆದು, ಜಡೆ ಹಾರಿಸುತ್ತ ಓಣಿಗುಂಟ ಸೈಕಲ್ ಹೊಡೆದುಕೊಂಡು ಹೋದಳು. ಕಟ್ಟೆಯ ಮೇಲೆ ಹತ್ತಾರು ಮಂದಿ ಕೂತಿದ್ದರು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ನಾನೊಬ್ಬನೇ ಅವಳು ಮರೆಯಾಗುವತನಕ ನೋಡುತ್ತ ನಿಂತೆ.