ಗಂಜಿನ ಹೋಟೆಲಿನಲ್ಲಿ ಕೂತು ತಿಂದ ಸುಸಲಾ

ಹೋದ ವಾರ ನಮ್ಮ ಅತ್ತೆಯವರಿಗೆ ಹಲ್ಲು ಬಂದವು.

ನಗಬೇಡಿ. ಎಪ್ಪತ್ತೊಂದು ವರ್ಷದ ಹೆಂಗಸಿಗೆ ಒಂದೇ ದಿನ ಮೇಲೊಂದು ಸಾಲು, ಕೆಳಗೊಂದು ಸಾಲು ಹಲ್ಲು ಬರುವುದು ಸಣ್ಣ ಸಂಗತಿಯಲ್ಲ. (ಹೌದು, ಡೆಂಟಿಸ್ಟ್ ಕೊಟ್ಟ ಸೆಟ್ಟೇ.) ಒಂದೂವರೆ ವರ್ಷದಿಂದ ಅವರು ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೆತ್ತನೆಯ ಅನ್ನ, ಬಾಳೆಹಣ್ಣು ಇಷ್ಟರಲ್ಲೇ ದಿನ ದೂಡಿದ್ದರು. ಇರುವುದು ಕಮಲಾಪುರದಲ್ಲಿ, ಹಿರಿಯ ಮಗನ ಮನೆಯಲ್ಲಿ. ಹಲ್ಲಿನ ಕೆಲಸಕ್ಕೆಂದು ಕಲಬುರಗಿಗೆ ಬಂದು ನಮ್ಮಲ್ಲಿ ಉಳಿದಿದ್ದರು.

ಸ್ಟೇಶನ್ ಬಜಾರದ ಆ ಡೆಂಟಿಸ್ಟ್ ಸೆಟ್ಟು ಕೂರಿಸಿ, ‘ಮೊದಲ ಹತ್ತು ದಿನ ಮೆತ್ತಗಿಂದೇ ತಿನ್ರಿ ಅಮ್ಮಾರ’ ಅಂದರು.

‘ಸುಸಲಾ ತಿನ್ಬಹುದೇನ್ರಿ?’ ಅಂತ ಅತ್ತೆ ಕೇಳಿದರು.

‘ತಿನ್ರಿ. ನೆನೆಸಿದ ಚುರುಮುರಿ ಮೆತ್ತಗೇ ಇರ್ತದ.’

‘ಮಿರ್ಚಿ?’

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರ ನೋಡಿದೆ.

ಆಟೋ ಹತ್ತಿದ ಮೇಲೆ ಅತ್ತೆ ಹೇಳಿದರು: ‘ನೋಡವ್ವಾ, ನನ್ನ ಗಂಜಿನ ಹೋಟೆಲ್‌ಗೆ ಕರ್ಕೊಂಡು ಹೋಗು. ಅಲ್ಲೇ ಕುಂತು ಸುಸಲಾ ತಿನ್ಬೇಕು ನಾ.’

ಇಷ್ಟೇ ಅವರ ಆಸೆ. ಎರಡು ಕಿಲೋಮೀಟರು ದೂರ. ಒಂದು ಪ್ಲೇಟ್ ಸುಸಲಾ. ಇದನ್ನು ಪೂರೈಸಲು ನಮ್ಮ ಮನೆಗೆ ಎಷ್ಟು ದಿನ ಬೇಕಾಯಿತು ಗೊತ್ತೇ? ಐದು. ಅದೂ ಜಗಳವಾಡಿ.

ನೆಹರು ಗಂಜ್ ಅಂದರೆ ನಮ್ಮೂರ ದವಸದ ಪೇಟೆ; ಅಲ್ಲಿನ ಆ ಹೋಟೆಲಿನ ಹೆಸರು ಹೇಳುವುದಿಲ್ಲ. ಬೇಳೆ ವ್ಯಾಪಾರಿಗಳಿಂದ ಹಿಡಿದು ಮೂಟೆ ಹೊರುವ ಹಮಾಲರವರೆಗೆ ಎಲ್ಲರೂ ಉದ್ದ ಬೆಂಚುಗಳ ಮೇಲೆ ಒಟ್ಟಿಗೆ ಕೂತು ತಿನ್ನುವ ಜಾಗ. ಬೆಳಿಗ್ಗೆ ಆರಕ್ಕೆ ಶುರು. ಸುಸಲಾ-ಮಿರ್ಚಿ, ಪೂರಿ-ಭಾಜಿ, ಇಡ್ಲಿ-ವಡಾ, ಉಪ್ಪಿಟ್ಟು, ಶಿರಾ. ಹತ್ತು ಗಂಟೆಗೆ ಸುಸಲಾ ಖಾಲಿ, ಹತ್ತೂವರೆಗೆ ಮಿರ್ಚಿ ಖಾಲಿ. ಆಮೇಲೆ ಹೋದವರಿಗೆ ಚಹಾ, ಅಷ್ಟೇ. ನಮ್ಮ ಮನೆಯವರು ಪ್ರತಿ ಭಾನುವಾರ ಮೂವರು ಗೆಳೆಯರ ಜೊತೆ ಅಲ್ಲಿಗೆ ಹೋಗುತ್ತಾರೆ. ನಮ್ಮ ಮದುವೆಗಿಂತ ಹಳೆಯ ಅಭ್ಯಾಸ ಇದು. ಮಳೆ ಬಂದರೂ ತಪ್ಪಿಲ್ಲ, ಮಗಳು ಹುಟ್ಟಿದ ಭಾನುವಾರವೂ ತಪ್ಪಿಲ್ಲ. (ಇದನ್ನು ನಾನು ಮರೆತಿದ್ದೇನೆ ಅಂತ ಅವರು ತಿಳಿದಿದ್ದಾರೆ.)

ಅವರಿಗೆ ಅತ್ತೆಯ ಆಸೆ ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ ಅಂದರು: ‘ಅಲ್ಲಿ ಯಾಕ? ಪಾರ್ಸಲ್ ತರ್ತೀನಿ.’

‘ಅವರಿಗೆ ಅಲ್ಲೇ ಕೂತು ತಿನ್ನಬೇಕಂತೆ.’

‘ಅಲ್ಲಿ ಹೆಣ್ಮಕ್ಕಳು ಕುಂದ್ರಂಗಿಲ್ಲ. ಎಲ್ಲಾ ಗಂಡಸ್ರೇ ಇರ್ತಾರ. ನಿನಗ ಗೊತ್ತಾಗಂಗಿಲ್ಲ.’

ನನಗೆ ಗೊತ್ತಾಗುವುದಿಲ್ಲ, ಸರಿ. ಹತ್ತೊಂಬತ್ತು ವರ್ಷದಿಂದ ಕಾಲೇಜಿನಲ್ಲಿ ಪಾಠ ಮಾಡುತ್ತಿರುವವಳಿಗೆ ಹೋಟೆಲಿನ ಬೆಂಚಿನ ಮೇಲೆ ಯಾರು ಕೂರುತ್ತಾರೆ ಅನ್ನುವುದು ಹೇಗೆ ಗೊತ್ತಾಗಬೇಕು?

ಮರುದಿನ ಪಾರ್ಸಲ್ ಬಂತು. ಹೋಟೆಲಿನ ಸುಸಲಾ ಪಾರ್ಸಲ್ ಹೇಗಿರುತ್ತದೆ ಅಂತ ತಿಂದವರಿಗೆ ಗೊತ್ತು. ಬಿಸಿಯಲ್ಲಿ ಬಿಡಿಬಿಡಿಯಾಗಿದ್ದ ಚುರುಮುರಿ ಪೊಟ್ಟಣದೊಳಗೆ ಬೆವೆತು ಒದ್ದೆ ಹತ್ತಿಯ ಉಂಡೆಯಾಗಿರುತ್ತದೆ. ಮಿರ್ಚಿಯ ಹೊದಿಕೆ ಒಂದು ಕಡೆ, ಮೆಣಸಿನಕಾಯಿ ಒಂದು ಕಡೆ. ಅತ್ತೆ ಪೊಟ್ಟಣ ಬಿಚ್ಚಿ ನೋಡಿದರು. ಮತ್ತೆ ಮಡಚಿದರು. ಮೊಸರನ್ನ ತಿಂದರು.

ಶುಕ್ರವಾರ ಮತ್ತೊಂದು ಪಾರ್ಸಲ್. ‘ಅವ್ವಾ, ಇವತ್ತು ಸ್ಪೆಷಲ್ ಹೇಳಿ ಮಾಡ್ಸೀನಿ’ ಅಂತ ಮಗ. ಅತ್ತೆ ಬಿಚ್ಚಲೂ ಇಲ್ಲ.

‘ಪಾರ್ಸಲ್ ನಾ ಭಾಳ ತಿಂದೀನಪ್ಪಾ,’ ಅಂದರು.

ಅಷ್ಟರಲ್ಲಿ ಸುದ್ದಿ ಕಮಲಾಪುರ ತಲುಪಿತ್ತು. ಭಾವನವರ ಫೋನ್. ಸ್ಪೀಕರ್ ಆನ್ ಇತ್ತು, ಆದ್ದರಿಂದ ಇಡೀ ಓಣಿಗೆ ಕೇಳಿಸಿತು. ‘ಅವ್ವಗ ಏನಾಗ್ಯದೋ? ತೊಗರಿ ಮಾರಲಕ್ ನಮ್ಮ ಊರ ಮಂದಿ ಎಲ್ಲಾ ಗಂಜಿಗೆ ಬರ್ತಾರ. ನಮ್ಮವ್ವ ಹೋಟೆಲ್‌ದಾಗ ಕುಂತಿದ್ದು ನೋಡಿದ್ರ ಏನಂತಾರ? ಮನ್ಯಾಗ ಅಡಗಿ ಮಾಡಿ ಹಾಕಂಗಿಲ್ಲೇನು ಅಂತಾರ!’

ನೋಡಿ, ಈ ಮಾತು ನೇರ ನನ್ನ ಅಡುಗೆಮನೆಗೆ ಬಂತು. ಅತ್ತೆ ಬಂದಾಗಿನಿಂದ ಮೆತ್ತಗಿನ ಉಪ್ಪಿಟ್ಟು, ಮೆತ್ತಗಿನ ಇಡ್ಲಿ, ಮೆತ್ತಗಿನ ಪಲ್ಯ ಅಂತ ಒಲೆಯ ಮುಂದೆ ನಿಂತವಳು ನಾನು. ಫೋನ್ ಕಿತ್ತುಕೊಂಡು ಏನಾದರೂ ಹೇಳಬೇಕೆನಿಸಿತು. ಅದರ ಬದಲು ಈರುಳ್ಳಿ ಜೋರಾಗಿ ಹೆಚ್ಚಿದೆ.

ಭಾನುವಾರ ಬಂತು. ಏಳೂವರೆಗೆ ನಮ್ಮವರು ಇಸ್ತ್ರಿ ಅಂಗಿ ಹಾಕಿಕೊಂಡು, ‘ಬರೋವಾಗ ಪಾರ್ಸಲ್ ತರ್ತೀನಿ’ ಅಂತ ಸ್ಕೂಟರ್ ಹತ್ತಿ ಹೋದರು. ಎಲ್ಲಿಗೆ? ಅದೇ ಹೋಟೆಲಿಗೆ!

ಬಾಗಿಲಲ್ಲಿ ನಿಂತ ಅತ್ತೆ ಸ್ಕೂಟರ್ ತಿರುವು ದಾಟುವವರೆಗೂ ನೋಡಿದರು. ಆಮೇಲೆ ಒಳಗೆ ಬಂದು ಹಾಲಿಗೆ ರೊಟ್ಟಿ ಮುರಿದು ಹಾಕಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿದ್ದು ಆಗ. ಬೈದಿದ್ದರೆ ಏರುತ್ತಿರಲಿಲ್ಲವೇನೋ.

‘ಅತ್ತೀ, ಸೀರಿ ಬದಲಿ ಮಾಡ್ರಿ. ನಡೀರಿ.’

‘ಎಲ್ಲಿಗವ್ವಾ?’

‘ಸುಸಲಾ ತಿನ್ನಲಕ್.’

ಆಟೋದವರು ವಯಸ್ಸಾದ ಸಾಬರು. ಹೋಟೆಲಿನ ಮುಂದೆ ಇಳಿಸಿ, ಅತ್ತೆ ಮಂಡಿ ಹಿಡಿದುಕೊಂಡದ್ದು ನೋಡಿ, ‘ಆಹಿಸ್ತಾ ಅಮ್ಮಾ, ನಿಧಾನ, ಮೆಟ್ಟಲ ಎತ್ತರ ಅದ’ ಅಂತ ಕೈ ಕೊಟ್ಟು ಹತ್ತಿಸಿದರು. ನಾನು ಹಿಂದೆ ನಿಂತೆ. ಸತ್ಯ ಹೇಳಲೇ? ಕಾಲು ತಡೆಯಿತು. ಆ ಮೆಟ್ಟಿಲನ್ನು ನಾನು ಮೊದಲ ಸಲ ಹತ್ತುತ್ತಿದ್ದೆ. ಕಾಲೇಜಿಗೆ ದಿನಾ ಅದರ ಮುಂದೆಯೇ ಹೋಗುತ್ತೇನೆ. ಬೆಂಗಳೂರಿಗೆ ವರ್ಕ್‌ಶಾಪಿಗೆ ಹೋದಾಗ ದರ್ಶಿನಿಯಲ್ಲಿ ನಿಂತು ದೋಸೆ ತಿನ್ನುತ್ತೇನೆ, ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ಊರಿನಲ್ಲಿ ಮಾತ್ರ ಇಪ್ಪತ್ತೆರಡು ವರ್ಷ ಪಾರ್ಸಲ್ ತಿಂದಿದ್ದೇನೆ. ಬೇಡ ಅಂದವರು ಯಾರು? ಯಾರೂ ಇಲ್ಲ. ನಾನು ಕೇಳಿರಲೇ ಇಲ್ಲ.

ಒಳಗೆ ಕಾಲಿಟ್ಟೆವು.

ಬಾಗಿಲ ಹತ್ತಿರದ ಬೆಂಚಿನಲ್ಲಿ ಕಪನೂರಿನ ಫ್ಯಾಕ್ಟರಿಗೆ ಹೊರಟ ನಾಲ್ವರು ಹುಡುಗಿಯರು, ಕೊರಳಲ್ಲಿ ಐಡಿ ಕಾರ್ಡ್, ಪೂರಿ ತಿನ್ನುತ್ತಿದ್ದರು. ಅವರಾಚೆ ರಾತ್ರಿ ಡ್ಯೂಟಿ ಮುಗಿಸಿದ ಇಬ್ಬರು ನರ್ಸುಗಳು. ಗೋಡೆಯ ಬದಿ ಬುರ್ಖಾ ತೊಟ್ಟ ಹೆಂಗಸೊಬ್ಬರು ಮಗುವಿಗೆ ಇಡ್ಲಿ ಮುರಿದು ತಿನ್ನಿಸುತ್ತಿದ್ದರು. ತರಕಾರಿ ಮಾರುವ ಹೆಂಗಸು ಬುಟ್ಟಿಯನ್ನು ಕಾಲ ಹತ್ತಿರ ಇಟ್ಟುಕೊಂಡು ತಟ್ಟೆಗೆ ಚಹಾ ಸುರಿದು ಕುಡಿಯುತ್ತಿದ್ದಳು.

ಮತ್ತು ಅವಳ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ, ಪೂರಿ ಹರಿಯುತ್ತ, ನಮ್ಮವರು.

ನಮ್ಮನ್ನು ಕಂಡು ಎದ್ದು ನಿಂತರು. ಪೂರಿಯ ತುಂಡು ಕೈಯಲ್ಲೇ ಇತ್ತು. ಮೂವರು ಗೆಳೆಯರಿಗೆ ಇದ್ದಕ್ಕಿದ್ದಂತೆ ತಮ್ಮ ತಮ್ಮ ಚಹಾದಲ್ಲಿ ಭಾರೀ ಆಸಕ್ತಿ ಹುಟ್ಟಿತು.

ನಮ್ಮವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, ‘ಇಲ್ಲಿ ಬ್ಯಾಡ. ಮ್ಯಾಲ ಫ್ಯಾಮಿಲಿ ರೂಮ್ ಅದ, ಅಲ್ಲಿ ನಡೀರಿ’ ಅಂದರು.

ಗಲ್ಲಾದ ಮೇಲಿದ್ದವರು ಕೇಳಿಸಿಕೊಂಡರು. ‘ಫ್ಯಾಮಿಲಿ ರೂಮ್ ಎಲ್ಲದರೀ ಸಾಹೇಬ್ರ? ಅದು ಬಂದ್ ಆಗಿ ಎಂಟು ವರ್ಷಾತು. ಈಗ ಅಲ್ಲಿ ಚುರುಮುರಿ ಚೀಲ ಇಟ್ಟೀವಿ. ಎಲ್ಲಾರೂ ಇಲ್ಲೇ ಕುಂದ್ರತಾರ. ಬರ್ರಿ ಅಮ್ಮಾರ.’

ಎಂಟು ವರ್ಷ! ಅಷ್ಟೂ ಭಾನುವಾರ ಇವರು ಅಲ್ಲಿ ಕೂತಿದ್ದಾರೆ.

‘ಇವರ‍್ಯಾರೂ ಕಾಣಲಿಲ್ಲೇನ್ರಿ ನಿಮಗ?’ ಅಂತ ಕೇಳಿದೆ.

ಅವರು ಸುತ್ತ ನೋಡಿದರು. ಆ ಹುಡುಗಿಯರನ್ನು, ನರ್ಸುಗಳನ್ನು, ಆ ತಾಯಿಯನ್ನು ನಿಜವಾಗಿ ಆಗಲೇ ಮೊದಲ ಸಲ ನೋಡಿದಂತಿತ್ತು. ಆಮೇಲೆ ಉತ್ತರ ಕೊಟ್ಟರು. ಈ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

‘ಅವ್ರು ಬ್ಯಾರೆ. ನೀವು ಮನಿಯವ್ರು.’

ಅಂದರೆ ಮಂದಿಯ ಮನೆಯ ಹೆಂಗಸರು ಎಲ್ಲಿ ಬೇಕಾದರೂ ಕೂತು ತಿನ್ನಬಹುದು. ನಮ್ಮ ಮನೆಯ ಹೆಂಗಸರು ಕೂತರೆ ಮಾತ್ರ ಅದು ಗಂಡಸರ ಹೋಟೆಲ್ ಆಗುತ್ತದೆ! ಇದೆಂಥ ಲೆಕ್ಕ? ಕೆಟ್ಟ ಮನುಷ್ಯರಾಗಿದ್ದರೆ ಜಗಳಾಡಿ ಮುಗಿಸಬಹುದಿತ್ತು. ಇವರು ಕೆಟ್ಟವರಲ್ಲ. ತಾಯಿಗಾಗಿ ಮೂರು ಸಲ ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾದವರು. ಅದೇ ತಲೆಬೇನೆ.

ಅಷ್ಟರಲ್ಲಿ ಅತ್ತೆ ಹೋಗಿ ಕೂತಾಗಿತ್ತು. ಬೆಂಚಿನಲ್ಲಿದ್ದ ಹಮಾಲರೊಬ್ಬರು ಹೆಗಲ ಟವೆಲಿನಿಂದ ಜಾಗ ಒರೆಸಿ ಸರಿದರು. ತಲೆ ನರೆತ ಮಾಣಿ ಬಂದು ಉಸಿರು ತೆಗೆಯದೆ ಇಡೀ ಪಟ್ಟಿ ಹೇಳಿದರು. ಅತ್ತೆ ಕೊನೆಯವರೆಗೂ ಕೇಳಿ, ‘ಒಂದು ಸುಸಲಾ. ಬಿಸೀದು’ ಅಂದರು.

ಬಂತು. ಹಳದಿ ಸುಸಲಾ, ಮೇಲೆ ಪುಟಾಣಿ ಹಿಟ್ಟು ಅಂದರೆ ಹುರಿಗಡಲೆ ಪುಡಿ, ಕೊತ್ತಂಬರಿ, ಬದಿಗೆ ನಿಂಬೆಹೋಳು. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಹೊಸ ಹಲ್ಲು ಟಕ್ ಟಕ್ ಅಂತ ಸದ್ದು ಮಾಡಿದವು. ಎರಡನೇ ತುತ್ತು. ಮೂರನೇದಕ್ಕೆ ಕೈ ನಿಂತಿತು. ಮಾಣಿಯನ್ನು ಕರೆದರು.

‘ಇವತ್ತಷ್ಟೇ ಹಿಂಗ್ ಮಾಡೀರೋ, ಯಾವಾಗಲೂ ಹಿಂಗೇನೋ?’

ಮಾಣಿಗೆ ಗಾಬರಿ. ‘ಯಾಕಮ್ಮಾ, ಚಲೋ ಆಗಿಲ್ಲೇನು? ನಾ ಬಂದು ಮೂವತ್ತು ವರ್ಷಾತು, ಮೊದಲಿಂದ ಇದೇ ಕೈ ಅದ.’

‘ಚಲೋ ಆಗ್ಯದಪ್ಪಾ,’ ಅಂದರು ಅತ್ತೆ. ಆಮೇಲೆ ಮಗನ ಕಡೆ ತಿರುಗಿದರು. ‘ನಂದೂ ಹಿಂಗೇ ಇರ್ತಿತ್ತಲ್ಲೋ.’

ನಮ್ಮವರಿಗೆ ಅರ್ಥವಾಗಲಿಲ್ಲ. ನನಗೂ ಇಲ್ಲ.

‘ನಿಮ್ಮಪ್ಪ ತೊಗರಿ ತಗೊಂಡು ಗಂಜಿಗೆ ಬಂದಾಗೆಲ್ಲ ಇಲ್ಲೇ ತಿಂದು ಬರ್ತಿದ್ರು. ನಾ ಮನ್ಯಾಗ ಸುಸಲಾ ಮಾಡಿದ್ರ, ಗಂಜಿನ ಹೋಟೆಲ್‌ದಂಗ ಆಗಿಲ್ಲ ಅಂತಿದ್ರು. ಒಂದಿನ ಅಲ್ಲ, ನಲವತ್ತು ವರ್ಷ. ಪುಟಾಣಿ ಹಿಟ್ಟು ಹೆಚ್ಚ ಹಾಕಿ ನೋಡ್ದೆ, ಕಡಿಮಿ ಹಾಕಿ ನೋಡ್ದೆ. ಸಕ್ಕರಿ ಹಾಕ್ದೆ, ಬಿಟ್ಟೆ. ಪಾರ್ಸಲ್ ತರ್ತಿದ್ರು, ಅದ್ರಾಗ ಏನ್ ತಿಳೀತದ? ಕೇಳಿದ್ರ, ಅಲ್ಲೇ ಕುಂತು ಬಿಸೀದು ತಿನ್ಬೇಕು ಅಂತಿದ್ರು. ಕರ್ಕೊಂಡು ಹೋಗ್ರಿ ಅಂದ್ರ, ಅಲ್ಲಿ ಹೆಣ್ಮಕ್ಕಳು ಕುಂದ್ರಂಗಿಲ್ಲ ಅಂತಿದ್ರು.’

ಒಂದು ತುತ್ತು ತಿಂದರು.

‘ನನ್ನ ಕೈಗೇ ರುಚಿ ಇಲ್ಲಂತ ತಿಳ್ಕೊಂಡಿದ್ದೆ ನಾ.’

ಗೆಳೆಯರು ಚಹಾ ಕುಡಿಯುವುದನ್ನು ನಿಲ್ಲಿಸಿದ್ದರು. ಹಮಾಲರು ತಲೆ ತಗ್ಗಿಸಿ ತಮ್ಮ ಪ್ಲೇಟು ನೋಡುತ್ತಿದ್ದರು. ನಮ್ಮವರ ಕೈಯಲ್ಲಿ ಆ ಪೂರಿಯ ತುಂಡು ಇನ್ನೂ ಇತ್ತು.

‘ನೀನೂ ಸಣ್ಣಾಂವ ಇದ್ದಾಗ ಅಂತಿದ್ದಿ,’ ಅಂದರು ಅತ್ತೆ. ‘ಅವ್ವಾ, ಹೋಟೆಲ್‌ದಂಗ ಮಾಡು ಅಂತ.’

‘ಅವ್ವಾ... ನಿಂದು ಚಲೋ ಇರ್ತಿತ್ತು.’

‘ಈಗ ಹೇಳ್ತಿ?’

ಜಗಳದ ದನಿಯಲ್ಲ. ಸುಮ್ಮನೆ ಕೇಳಿದ್ದು. ಆಮೇಲೆ ತಟ್ಟೆ ಖಾಲಿ ಮಾಡಿದರು, ಡಾಕ್ಟರ ಮಾತು ಮೀರಿ ಅರ್ಧ ಮಿರ್ಚಿಯನ್ನೂ ತಿಂದರು. ನಮ್ಮವರು ತಾಯಿಯ ಪಕ್ಕ ಕೂತು ಚಹಾ ತರಿಸಿದರು. ತಟ್ಟೆಗೆ ಸುರಿದು ತಾಯಿಯ ಮುಂದಿಟ್ಟರು. ನಾನು ಕೆಣಕಲಿಲ್ಲ. ಕೆಣಕುವ ಹಕ್ಕು ನನಗಾದರೂ ಎಲ್ಲಿತ್ತು? ಅಷ್ಟು ವರ್ಷ ಅತ್ತೆಯ ಸುಸಲಾ ತಿಂದು ‘ಚಲೋ ಅದ’ ಅಂತ ನಾನೂ ಒಂದು ದಿನ ಅಂದಿರಲಿಲ್ಲ.

ಈ ಊರಿನ ಗಂಡಸರು ಹೋಟೆಲಿನ ಸುಸಲಾ ಬಗ್ಗೆ ಮಾತಾಡುವುದನ್ನು ಕೇಳಿದ್ದೀರಾ? ಒಗ್ಗರಣೆ, ಹದ, ಕೈಗುಣ! ಕಣ್ಣು ಮುಚ್ಚಿ ಹೊಗಳುತ್ತಾರೆ. ಅದರಲ್ಲಿ ಒಂದೇ ಒಂದು ಮಾತನ್ನು ಮನೆಯ ಒಲೆಯ ಮುಂದೆ ಆಡಿದ್ದರೆ ಒಬ್ಬ ಹೆಂಗಸು ನಲವತ್ತು ವರ್ಷ ತನ್ನ ಕೈಯನ್ನೇ ಅನುಮಾನಿಸುತ್ತಿರಲಿಲ್ಲ.

ಸೋಮವಾರ ನಾನೇ ರಜೆ ಹಾಕಿ ಅತ್ತೆಯನ್ನು ಬಸ್ಸಿನಲ್ಲಿ ಕಮಲಾಪುರಕ್ಕೆ ಬಿಟ್ಟು ಬಂದೆ. ಭಾವನವರು ಮುಖ ಗಂಟಿಕ್ಕಿಕೊಂಡೇ ಬ್ಯಾಗು ಇಳಿಸಿಕೊಂಡರು. ‘ಊರ ಮಂದಿ ಯಾರರ ನೋಡಿದ್ರೇನು?’ ಅಂತ ಕೇಳಿದರು. ಅತ್ತೆ, ‘ನೋಡ್ಯಾರೋ ಇಲ್ಲೋ ಗೊತ್ತಿಲ್ಲ. ನಾನೇ ಹೇಳ್ತೀನಿ ತಗೋ’ ಅಂದರು.

ಹೇಳಿಯೂ ಬಿಟ್ಟರು. ಸಂಜೆಯಾಗುವುದರೊಳಗೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಸೇರಿದ್ದರು. ನಾನು ಹೊರಡುವ ಬಸ್ಸು ಎರಡು ಸಲ ತಪ್ಪಿತು, ಯಾಕೆಂದರೆ ಎದ್ದು ಬರುವ ಮನಸ್ಸಾಗಲಿಲ್ಲ. ಎದುರು ಮನೆಯಾಕೆಯ ಗಂಡನಿಗೆ ಅದೇ ಹೋಟೆಲಿನ ಪೂರಿಯ ಹುಚ್ಚಂತೆ. ಮೂಲೆಮನೆಯಾಕೆಗೆ ಉಪ್ಪಿಟ್ಟಿನ ಮಾತು ಕೇಳಿ ಕೇಳಿ ಸಾಕಾಗಿದೆಯಂತೆ. ಇನ್ನೊಬ್ಬಳು ಶಿರಾ ಮಾಡುವುದನ್ನೇ ಬಿಟ್ಟು ಹನ್ನೆರಡು ವರ್ಷವಾಯಿತಂತೆ. ‘ಖರೇನೇ ಅಲ್ಲಿ ಹೆಣ್ಮಕ್ಕಳು ಕುಂದ್ರತಾರೇನ್ರಿ?’ ಅಂತ ನನ್ನನ್ನು ಮತ್ತೆ ಮತ್ತೆ ಕೇಳಿದರು. ಚಂದ್ರನ ಮೇಲೆ ನೀರು ಸಿಕ್ಕಿದೆ ಅಂದಷ್ಟು ಅಚ್ಚರಿ ಅವರಿಗೆ. ಇರುವುದು ಒಂದು ಗಂಟೆಯ ಬಸ್ಸಿನ ದಾರಿ.

ನಿನ್ನೆ ಅತ್ತೆಯ ಫೋನ್ ಬಂತು. ಬರುವ ಭಾನುವಾರ ಮೊದಲ ಬಸ್ಸಿಗೆ ಏಳು ಮಂದಿ ಹೊರಟಿದ್ದಾರೆ. ಒಂದು ಉದ್ದ ಬೆಂಚು ಹಿಡಿದಿಡಬೇಕಂತೆ. ಪೂರಿಯೂ ಬೇಕು, ಉಪ್ಪಿಟ್ಟೂ ಬೇಕು, ಶಿರಾ ಅಂತೂ ಬೇಕೇ ಬೇಕು.

ನಮ್ಮವರಿಗೆ ವಿಷಯ ತಿಳಿಸಿದೆ. ಟಿವಿ ಆರಿಸಿದರು. ಆಮೇಲೆ ನಿಜವಾದ ಚಿಂತೆಯಿಂದ ಕೇಳಿದರು: ‘ಅಷ್ಟು ಮಂದಿ ಬಂದ್ರ, ನಾವೆಲ್ಲಿ ಕುಂದ್ರೂದು?’

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಹೋಟೆಲಿನ ಬಗ್ಗೆ ಅವರು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಇದು.